ಹತ್ತು ನಡೆ ಮುಂದೆ ನೋಡುವ ಆಸೆಯನ್ನು ಮೊದಲು ಬಿಡಿ

ಚದುರಂಗದಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳಂತೆ ಹತ್ತು ನಡೆ ಮುಂದಕ್ಕೆ ಲೆಕ್ಕ ಹಾಕಲು ಕಲಿಯುವುದು ಹೇಗೆಂದು ಕೇಳಿದ್ದೀರಿ. ಕಾಲೇಜಿನ ದಿನಗಳಲ್ಲಿ ನನ್ನನ್ನು ಕಾಡಿದ್ದೂ ಇದೇ ಪ್ರಶ್ನೆ, ಮತ್ತು ಆ ಪ್ರಶ್ನೆಯೇ ತಪ್ಪೆಂದು ತಿಳಿದದ್ದು ಒಂದು ಸೋಲಿನಿಂದ.

ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ನಾನು ಬಿಳಿ ಕಾಯಿಗಳನ್ನು ಆಡುತ್ತಿದ್ದೆ. ನನ್ನ ಮಂತ್ರಿ ಸಿ4 ಮನೆಯಲ್ಲಿತ್ತು (ಹಲಗೆಯ ಪ್ರತಿ ಮನೆಗೂ ಹೀಗೆ ಒಂದು ಅಕ್ಷರ, ಒಂದು ಅಂಕಿಯ ಹೆಸರು), ಕುದುರೆ ಎಫ್7ರಿಂದ ಚೆಕ್ ಕೊಟ್ಟಿತ್ತು. ಎದುರಾಳಿ ಕುದುರೆಯನ್ನು ಆನೆಯಿಂದ ಹೊಡೆಯದೆ ರಾಜನನ್ನು ಜಿ8ಕ್ಕೆ ಸರಿಸಿದ ಕೂಡಲೇ, ನೂರಾರು ಸಲ ಬಿಡಿಸಿದ್ದ ಒಂದು ಸಮಸ್ಯೆ ನನ್ನ ಕಣ್ಣೆದುರು ಬಂದು ನಿಂತಿತು: ಕುದುರೆ ಎಚ್6ಕ್ಕೆ ಹೋಗಿ ಮಂತ್ರಿಯೊಡನೆ ಒಂದೇ ಸಲ ಜೋಡಿ ಚೆಕ್ ಕೊಡುತ್ತದೆ, ರಾಜ ಮೂಲೆಗೆ ಸರಿಯುತ್ತಾನೆ, ಜಿ8ರಲ್ಲಿ ಬಲಿಕೊಟ್ಟ ಮಂತ್ರಿಯನ್ನು ಆನೆ ಹೊಡೆಯುತ್ತದೆ, ಕುದುರೆ ಎಫ್7ಕ್ಕೆ ಮರಳಿ ಚೆಕ್‌ಮೇಟ್ ಮಾಡುತ್ತದೆ. ನಾನು ಹಾಗೆಯೇ ಆಡಿದೆ. ಆದರೆ ಮಂತ್ರಿಯನ್ನು ಹೊಡೆದದ್ದು ಆನೆಯಲ್ಲ, ಇ7ರಲ್ಲಿದ್ದ ಅವನ ಕುದುರೆ. ಆನೆ ಎಫ್8ರಲ್ಲೇ ಉಳಿದು ಎಫ್7 ಮನೆಯನ್ನು ಕಾಯುತ್ತಿತ್ತು.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು. ಎಫ್7ರಲ್ಲಿದ್ದ ನನ್ನ ಕುದುರೆ ಡಿ8ರಲ್ಲಿದ್ದ ಅವನ ಮಂತ್ರಿಯನ್ನು ಹೊಡೆದಿದ್ದರೆ, ಕುದುರೆ ಸರಿದ ದಾರಿಯಲ್ಲಿ ನನ್ನ ಮಂತ್ರಿಯ ಚೆಕ್ ತೆರೆದುಕೊಳ್ಳುತ್ತಿತ್ತು, ಕುದುರೆಯನ್ನು ತಿರುಗಿ ಹೊಡೆಯಲು ಅವನಿಗೆ ಪುರುಸೊತ್ತೇ ಸಿಗುತ್ತಿರಲಿಲ್ಲ. ಅದು ಒಂದೇ ನಡೆಯ ಮಾತಾಗಿತ್ತು. ನಾನು ಲೆಕ್ಕ ತಪ್ಪಲಿಲ್ಲ. ಕಲಿತದ್ದನ್ನು ನೋಡಿದೆ, ಹಲಗೆಯನ್ನು ನೋಡಲಿಲ್ಲ.

ಡಚ್ ಮನೋವಿಜ್ಞಾನಿ ಆಡ್ರಿಯಾನ್ ಡಿ ಗ್ರೂಟ್ 1946ರಲ್ಲೇ ತೋರಿಸಿದಂತೆ, ಅಗ್ರ ಆಟಗಾರರು ಸಾಧಾರಣ ಒಳ್ಳೆಯ ಆಟಗಾರರಿಗಿಂತ ಬಹಳ ಆಳಕ್ಕೇನೂ ಹುಡುಕುವುದಿಲ್ಲ; ಒಳ್ಳೆಯ ನಡೆ ಅವರಿಗೆ ಬೇಗ ಹೊಳೆಯುತ್ತದೆ. 1973ರಲ್ಲಿ ಸಂಶೋಧಕರಾದ ಚೇಸ್ ಮತ್ತು ಸೈಮನ್ ನಿಜವಾದ ಆಟದ ಸ್ಥಿತಿಗಳನ್ನು 5 ಸೆಕೆಂಡು ತೋರಿಸಿದಾಗ, ಮಾಸ್ಟರ್ ಆಟಗಾರ ಹೊಸಬನಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ನೆನಪಿನಿಂದ ಜೋಡಿಸಿದ. ಕಾಯಿಗಳನ್ನು ಮನಬಂದಂತೆ ಚದುರಿಸಿಟ್ಟಾಗ ಆ ಮೇಲುಗೈ ಬಹುತೇಕ ಮಾಯವಾಯಿತು. ನನ್ನ ಸೋಲಿಗೆ ಹತ್ತಿರವಾದದ್ದು 2008ರ ಬಿಲಾಲಿಚ್, ಮೆಕ್‌ಲಿಯೋಡ್ ಮತ್ತು ಗೋಬೆ ಎಂಬ ಸಂಶೋಧಕರ ಪ್ರಯೋಗ. ಇದೇ ಬಗೆಯ ಪರಿಚಿತ ಚೆಕ್‌ಮೇಟ್ ಕಂಡ ಪರಿಣತರು ಅದಕ್ಕಿಂತ ಚಿಕ್ಕ ದಾರಿಯನ್ನು ಹುಡುಕುತ್ತಿದ್ದೇವೆ ಎಂದು ಪ್ರಾಮಾಣಿಕವಾಗಿ ಹೇಳುತ್ತಿದ್ದರೂ, ಅವರ ಕಣ್ಣುಗಳು ಮೊದಲ ಉತ್ತರದ ಮನೆಗಳ ಸುತ್ತಲೇ ತಿರುಗುತ್ತಿದ್ದವು.

ಆದ್ದರಿಂದ ನಡೆ ಎಣಿಸುವ ಅಭ್ಯಾಸಕ್ಕಿಂತ ಒಳ್ಳೆಯ ಆಟಗಳನ್ನು ಹಲಗೆಯ ಮೇಲೆ ಆಡಿ ನೋಡುವುದಕ್ಕೆ ಹೆಚ್ಚು ಹೊತ್ತು ಕೊಡಿ, ಏಕೆಂದರೆ ಕಣ್ಣು ಪಳಗುವುದು ಅಲ್ಲಿಯೇ. ಪರಿಚಿತ ಹೊಡೆತ ಕಂಡು ಮನಸ್ಸು ಹಿಗ್ಗಿದಾಗ ಮಾತ್ರ ಕೈ ಕಟ್ಟಿ ಕುಳಿತು, ಕಾಯಿಯನ್ನು ಬಲಿಕೊಡಲಿರುವ ಮನೆಯನ್ನು ಎದುರಾಳಿಯ ಯಾವ ಯಾವ ಕಾಯಿ ಮುಟ್ಟಬಲ್ಲದೆಂದು ಒಂದೊಂದಾಗಿ ನೋಡಿ, ಕುದುರೆಗಳನ್ನು ಎರಡು ಸಲ ನೋಡಿ.