ಗರ್ದ್ ಸೇದುವ ಹುಡುಗನಿಗೆ ಜೈಲೋ, ಆಸ್ಪತ್ರೆಯೋ?

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ಇಪ್ಪತ್ತು ವರ್ಷಗಳಿಂದ ಪಿಂಪ್ರಿಯಲ್ಲಿದ್ದೇವೆ. ಅಣ್ಣನ ಮನೆಯಲ್ಲಿ ಚಪಾತಿ ಸುತ್ತುವ ಫಾಯಿಲ್ ಬೇಗ ಬೇಗ ಮುಗಿಯುತ್ತಿದ್ದುದನ್ನು ಅತ್ತಿಗೆ ಗಮನಿಸಿದ್ದರಾದರೂ ಕಾರಣ ಹೊಳೆದಿರಲಿಲ್ಲ. ಅವರ ಮಗ ಗರ್ದ್ ಎಂಬ ಮಾದಕ ಪುಡಿಯನ್ನು ಫಾಯಿಲ್ ಮೇಲೆ ಕಾಯಿಸಿ ಸೇದುತ್ತಾನೆಂಬುದು, ಜೇಬಿನಲ್ಲಿ ಎರಡು ಪುಡಿಕೆ ಸಿಕ್ಕು ಪೊಲೀಸರು ಹಿಡಿದೊಯ್ದ ಮೇಲಷ್ಟೇ ತಿಳಿಯಿತು. ಜಾಮೀನುದಾರರು ಸಿಗದೆ ಹನ್ನೊಂದು ದಿನ ಒಳಗಿದ್ದು ಈಗ ಮನೆಗೆ ಬಂದಿದ್ದಾನೆ. ಪೋರ್ಚುಗಲ್ಲಿನಂತೆ ಸೇವನೆಯನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕೆಂದು ನನ್ನ ಮಗಳು ವಾದಿಸುತ್ತಾಳೆ. ಹೆದರಿಕೆಯಿಲ್ಲದಿದ್ದರೆ ಓಣಿಯ ಹುಡುಗರೆಲ್ಲ ಕೆಡುತ್ತಾರೆಂದು ಅಣ್ಣ ಹೇಳುತ್ತಾನೆ. ಯಾರ ಮಾತು ಸರಿ?
– ಓದುಗರೊಬ್ಬರು, ಪಿಂಪ್ರಿ

ಉತ್ತರ: ವಾದಕ್ಕೆ ಮೊದಲು ಹುಡುಗನ ವಿಷಯ. 1985ರ ಮಾದಕ ವಸ್ತು ತಡೆಯ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಂತೆ ಹೆರಾಯಿನ್ ಸೇವನೆಗೆ ಒಂದು ವರ್ಷದವರೆಗೆ ಕಠಿಣ ಸಜೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಗರ್ದ್ ಕೂಡ ಬೆರಕೆ ಹೆರಾಯಿನ್ನೇ. ಆದರೆ ಅದೇ ಕಾಯ್ದೆಯಲ್ಲಿ 64ಎ ಎಂಬ ಕಲಮೂ ಇದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಆರೋಪ ಹೊತ್ತ ವ್ಯಸನಿಯು ಸರ್ಕಾರ ನಡೆಸುವ ಇಲ್ಲವೇ ಮಾನ್ಯ ಮಾಡಿದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ, ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಹೆರಾಯಿನ್‌ಗೆ ಅಲ್ಪ ಪ್ರಮಾಣವೆಂದರೆ 5 ಗ್ರಾಂ. ಬೆರಕೆ ಸೇರಿದ ಒಟ್ಟು ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಪಂಚನಾಮೆಯಲ್ಲಿ ಬರೆದ ತೂಕವನ್ನು ವಕೀಲರಿಂದ ಇಂದೇ ನೋಡಿಸಿ. 64ಎ ಕಲಮಿನ ಸುದ್ದಿ ಎಷ್ಟೋ ಮನೆಗಳಿಗೆ ತೀರ್ಪು ಬಂದ ಮೇಲೆ ತಲುಪುತ್ತದೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಇನ್ನು ಪೋರ್ಚುಗಲ್. 2001ರಿಂದ ಅಲ್ಲಿ ಹತ್ತು ದಿನಗಳ ಸ್ವಂತ ಬಳಕೆಗಾಗುವಷ್ಟನ್ನು ಇಟ್ಟುಕೊಳ್ಳುವುದು ಕ್ರಿಮಿನಲ್ ಅಪರಾಧವಲ್ಲ, ಆದರೆ ನಿಷಿದ್ಧವೇ. ಸಿಕ್ಕಿಬಿದ್ದವನು ನ್ಯಾಯಾಲಯದ ಬದಲು ಕಾನೂನು, ಆರೋಗ್ಯ ಮತ್ತು ಸಮಾಜಸೇವೆಯನ್ನು ಬಲ್ಲವರ ಮಂಡಳಿಯ ಮುಂದೆ ಹೋಗುತ್ತಾನೆ. ಮಾರುವವನಿಗೆ ಜೈಲು ತಪ್ಪಿಲ್ಲ. ಅಮೆರಿಕದ ಒರೆಗಾನ್ ರಾಜ್ಯವೂ 2021ರಲ್ಲಿ ಶಿಕ್ಷೆಯನ್ನು ತೆಗೆದು 100 ಡಾಲರ್ ದಂಡದ ಚೀಟಿಯನ್ನಿಟ್ಟಿತು; ಸಹಾಯವಾಣಿಗೆ ಕರೆ ಮಾಡಿದರೆ ಆ ದಂಡವೂ ಮಾಫಿ. ಕರೆ ಮಾಡಿದವರು ತೀರ ಕಡಿಮೆ, ಚಿಕಿತ್ಸೆಯ ಹಣ ಕೇಂದ್ರಗಳನ್ನು ಮುಟ್ಟಿದ್ದು ತಡವಾಗಿ, ಅಷ್ಟರಲ್ಲಿ ಹೆರಾಯಿನ್ನಿಗಿಂತ ಬಹಳ ತೀಕ್ಷ್ಣವಾದ ಫೆಂಟಾನಿಲ್ ಬೀದಿಗೆ ಇಳಿದಿತ್ತು. 2024ರಲ್ಲಿ ಅದನ್ನು ಮತ್ತೆ ಅಪರಾಧವೆಂದೇ ಮಾಡಿದರು. ಆದ್ದರಿಂದ ನಿಮ್ಮ ಮಗಳಿಗೆ ನಾನು ಹೇಳುವುದಿಷ್ಟು: ಸೇದಿದವನನ್ನು ಜೈಲಿಗೆ ಹಾಕಬಾರದೆಂಬ ಮಾತು ನನಗೂ ಒಪ್ಪಿಗೆ, ಆದರೆ ಅವನಿಗಾಗಿ ಹಾಸಿಗೆ, ವೈದ್ಯರು ಮತ್ತು ಔಷಧ ಮೊದಲು ಸಿದ್ಧವಿರಬೇಕು.

ಹೆದರಿಕೆಯ ಬಗ್ಗೆ ನಿಮ್ಮ ಅಣ್ಣನವರು ಹೇಳುವುದು ಬರಿಯ ಹಟವಲ್ಲ. ಮಕ್ಕಳಿರುವ ಯಾರಿಗೂ ಆ ಅಂಜಿಕೆ ಇರುತ್ತದೆ. ಆದರೆ ಅದೇ ಹೆದರಿಕೆ ನಿಮ್ಮ ಹುಡುಗನಿಗೆ ಫಾಯಿಲ್ ಮುಚ್ಚಿಡುವುದನ್ನು ಕಲಿಸಿತೇ ಹೊರತು ಸೇದುವುದನ್ನು ಬಿಡಿಸಲಿಲ್ಲ. ಪುಡಿ ಸಿಗದ ಮೊದಲ ದಿನವೇ ಆಕಳಿಕೆ ಬಂದು ಕಣ್ಣು ಮೂಗು ಸುರಿಯುತ್ತವೆ. ಎರಡನೆಯ ಮೂರನೆಯ ದಿನ ಮೈಯೆಲ್ಲ ಮುಳ್ಳೆದ್ದು, ಕಾಲಿನ ನೋವಿಗೆ ಗೋಡೆಯನ್ನು ಒದೆಯುತ್ತ, ವಾಂತಿ ಭೇದಿಯಲ್ಲಿ ಬಸವಳಿದ ಹುಡುಗರನ್ನು ನಾನು ನೋಡಿದ್ದೇನೆ. ಆಸ್ಪತ್ರೆಯಲ್ಲಿ ನಾಲಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಗುಳಿಗೆಯಿಂದ ತಗ್ಗುವ ಈ ಸಂಕಟವನ್ನು ಲಾಕಪ್ಪಿನ ನೆಲದ ಮೇಲೆ ಸಹಿಸಿದವನು ಹೊರಬಂದು ಮೊದಲು ಹುಡುಕುವುದು ಪುಡಿಯನ್ನೇ.

ಅಪಾಯ ಇರುವುದೂ ಇಲ್ಲಿಯೇ. ಹನ್ನೊಂದು ದಿನ ಬಿಟ್ಟ ದೇಹಕ್ಕೆ ಹಿಂದಿನ ಪ್ರಮಾಣವನ್ನು ತಾಳುವ ಶಕ್ತಿ ಉಳಿದಿರುವುದಿಲ್ಲ. ಹಳೆಯ ಲೆಕ್ಕದಲ್ಲಿ ಸೇದಿದರೆ ಉಸಿರೇ ನಿಲ್ಲಬಹುದು. ಇದನ್ನು ಅವನಿಗೆ ಬೈಯದೆ, ಬಿಡಿಸಿ ಹೇಳಿ. ಪುಣೆಯ ಯೆರವಡಾದಲ್ಲಿ 1986ರಿಂದ ನಡೆಯುತ್ತಿರುವ ವ್ಯಸನಮುಕ್ತಿ ಕೇಂದ್ರ ಮುಕ್ತಾಂಗಣ ನಿಮಗೆ ದೂರವಲ್ಲ. ಕೇಂದ್ರ ಸರ್ಕಾರದ ಸಹಾಯವಾಣಿ 14446ಕ್ಕೂ ಕೇಳಬಹುದು. ಸೇರಿಸಿದ ದಿನವೇ ದಾಖಲಾತಿಯ ಪತ್ರ ಪಡೆದು ವಕೀಲರ ಕೈಗೆ ಕೊಡಿ, ಮತ್ತು ಅಣ್ಣನವರೇ ಅವನ ಜೊತೆಯಲ್ಲಿ ಹೋಗಲಿ.