ದೊಡ್ಡ ಕಾರಿನಲ್ಲಿ ಕೂರುವುದು ಸಣ್ಣ ಕಾರಿಗಿಂತ ಯಾವಾಗಲೂ ಆರಾಮವೇ?

ಯಾವಾಗಲೂ ಅಲ್ಲ. ಕಾರಿನ ಹೊರಗಿನ ಉದ್ದ ನೋಡಿ ಒಳಗಿನ ಜಾಗ ಹೇಳಲು ಆಗುವುದಿಲ್ಲ. ಉದ್ದನೆಯ ಸೆಡಾನ್‌ನಲ್ಲಿ ಬಾನೆಟ್ ಮತ್ತು ಡಿಕ್ಕಿಯೇ ಎಷ್ಟೋ ಜಾಗ ನುಂಗಿಬಿಡುತ್ತವೆ. 1959ರಲ್ಲಿ ಬಂದ ಮಿನಿ ಕಾರಿನ ಉದ್ದ ಬರೀ 3 ಮೀಟರ್ ಚಿಲ್ಲರೆ. ಆದರೂ ನಾಲ್ಕು ಜನ ಕೂರಬಹುದಿತ್ತು. ಎಂಜಿನ್ನನ್ನು ಅಡ್ಡಲಾಗಿ ಇಟ್ಟು, ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟಿದ್ದು ಅದರ ಗುಟ್ಟು. ಇಂದಿನ ಹೆಚ್ಚಿನ ಸಣ್ಣ ಕಾರುಗಳದ್ದೂ ಇದೇ ದಾರಿ. ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ದೊಡ್ಡ ಕಾರುಗಳಲ್ಲಿ, ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಶಾಫ್ಟ್‌ಗಾಗಿ (ಉದ್ದನೆಯ ದಂಡ) ನೆಲದ ನಡುವೆ ಉಬ್ಬು ಇರುತ್ತದೆ. ಹಿಂದೆ ಮಧ್ಯದಲ್ಲಿ ಕೂತವರ ಕಾಲಿನ ಪಾಡು ಕೇಳಬೇಡಿ!

ಅಗಲದ ವಿಷಯದಲ್ಲಿ ಮಾತ್ರ ದೊಡ್ಡ ಕಾರೇ ಮೇಲು. ಹಿಂದೆ ಮೂವರು ಕೂತಾಗ ಭುಜಕ್ಕೆ ಭುಜ ತಾಗುವುದು ಕಡಿಮೆ. ಸಣ್ಣ ಕಾರಿಗೆ ಇದಕ್ಕೆ ಉಪಾಯವೇ ಇಲ್ಲ.

ಇನ್ನು ಸೀಟು. ಕೆಲವು ಸಣ್ಣ ಕಾರುಗಳಲ್ಲಿ ಸೀಟಿನ ಕುಶನ್ ಗಿಡ್ಡ. ಮಂಡಿಯ ಮುಂದೆ ಜಾಗ ಜಾಸ್ತಿ ಅನಿಸುತ್ತದೆ, ಆದರೆ ತೊಡೆಗೆ ಆಸರೆ ಸಿಗದೆ ದೂರದ ಪ್ರಯಾಣದಲ್ಲಿ ಕಾಲು ನೋಯುತ್ತದೆ. ನೆಲದಿಂದ ಸೀಟು ತೀರಾ ತಗ್ಗಿದ್ದರೂ ಮಂಡಿ ಮೇಲೆದ್ದು ಇದೇ ಕಥೆ. ಮೂರು ಸಾಲಿನ ದೊಡ್ಡ ಗಾಡಿಗಳ ಕೊನೆಯ ಸಾಲಿನಲ್ಲಿ ಇದು ಮಾಮೂಲು. ಮೆತ್ತಗಿನ ಸೀಟು ಶೋರೂಮಿನಲ್ಲಿ ಹಿತವಾಗಿರುತ್ತದೆ. ಆದರೆ ಎರಡು ಗಂಟೆ ಕೂತರೆ ಬೆನ್ನಿಗೆ ಸ್ವಲ್ಪ ಗಟ್ಟಿ ಸೀಟೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಕಾರು ನೋಡಲು ಹೋದಾಗ ಡ್ರೈವರ್ ಸೀಟನ್ನು ನಿಮಗೆ ಬೇಕಾದ ಹಾಗೆ ಹೊಂದಿಸಿ, ಆಮೇಲೆ ಅದರ ಹಿಂದೆಯೇ ಹೋಗಿ ಕೂತು ನೋಡಿ.