ಕಪ್ಪತಗುಡ್ಡ ಅಡ್ಡಾಡೋಕೆ ಕೈಗಡಿಯಾರ ಬೇಕೇ ಬೇಕಾ, ಮೊಬೈಲ್ ಸಾಲದಾ?

ನವೆಂಬರ್ ಕೊನೆಗೆ ನಾಲ್ಕು ಮಂದಿ ಗದಗಿನಿಂದ ಹೊರಟು ಇಡೀ ದಿನ ಕಪ್ಪತಗುಡ್ಡದಲ್ಲಿ ನಡೆಯುತ್ತೇವೆ, ಮೊಬೈಲ್ ಇರುವಾಗ ಗಡಿಯಾರಕ್ಕೆ ರೊಕ್ಕ ಹಾಕಬೇಕಾ ಅಂತ ಕೇಳಿದ್ದೀರಿ. ಇಡೀ ದಿನದ ನಡಿಗೆಗೆ ಬೇಕು ಅಂತಲೇ ಹೇಳ್ತೀನಿ, ನಾಲ್ವರಲ್ಲಿ ಒಬ್ಬರ ಕೈಯಲ್ಲಾದರೂ. ಆದರೆ ತಲೆಗೆ ಕಟ್ಟುವ ಟಾರ್ಚ್ ಇನ್ನೂ ಕೊಂಡಿಲ್ಲ ಅಂದರೆ ಮೊದಲು ಅದನ್ನು ಕೊಳ್ಳಿ. ಗುಡಿಯ ತನಕ ಗಾಡಿಯಲ್ಲಿ ಹೋಗಿ ಎರಡು ತಾಸಿನಲ್ಲಿ ಇಳಿದು ಬರುವವರಿಗೆ ಮೊಬೈಲೇ ಸಾಕು.

ಗುಡ್ಡದಲ್ಲಿ ಗಡಿಯಾರದ ದೊಡ್ಡ ಕೆಲಸ ಒಂದೇ: ತಿರುಗಿ ಬರುವ ಹೊತ್ತನ್ನು ತಪ್ಪದೆ ಹೇಳುವುದು. ನವೆಂಬರ್ ಕೊನೆಗೆ ನಮ್ಮಲ್ಲಿ ಹೊತ್ತು ಮುಳುಗುವುದು 5:55ರ ಸುಮಾರಿಗೆ, ಜೂನ್ ಕೊನೆಗಿಂತ ಒಂದು ತಾಸಿಗೂ ಹೆಚ್ಚು ಬೇಗ. ಮುಳುಗಿದ ಮೇಲೆ ಕಾಲುದಾರಿ ಕಾಣುವಷ್ಟು ಬೆಳಕು 20–25 ನಿಮಿಷ, ಅಷ್ಟೇ. ಹಾಗಾಗಿ 5 ಗಂಟೆಗೆ ರಸ್ತೆಗೆ ಬಂದಿರಬೇಕು ಅಂತ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಮುಂಜಾನೆ 7ಕ್ಕೆ ಹೆಜ್ಜೆ ಇಟ್ಟರೆ ಕೈಯಲ್ಲಿರುವುದು ಹತ್ತು ತಾಸು. ಮಧ್ಯಾಹ್ನ 12ಕ್ಕೆ ಎಲ್ಲಿದ್ದರೂ ತಿರುಗಬೇಕು. ಇಳಿಯುವಾಗ ಬೇಗ ಆಗುತ್ತದೆ ಅನ್ನುವ ನಂಬಿಕೆಯೇ ಬಹಳ ಮಂದಿಯನ್ನು ಕತ್ತಲಿಗೆ ಸಿಕ್ಕಿಸುವುದು. ಸಡಿಲ ಕಲ್ಲಿನ ಮೇಲೆ ದಣಿದ ಕಾಲು ಹತ್ತುವಾಗಿನಷ್ಟೇ ಹೊತ್ತು ತಿನ್ನುತ್ತದೆ. ನಡಿಗೆಗೆ ಹಿಡಿಯುವ ಹೊತ್ತು ಅಂದಾಜಿಸಲು 1892ರ ನೇಸ್ಮಿತ್ ನಿಯಮ ಈಗಲೂ ಒಳ್ಳೆಯದು: 5 ಕಿ.ಮೀ.ಗೆ ಒಂದು ತಾಸು, 600 ಮೀಟರ್ ಏರಿಕೆಗೆ ಇನ್ನೊಂದು ತಾಸು. ಅದು ಸ್ಕಾಟ್ಲೆಂಡಿನ ತಂಪಿನ ಲೆಕ್ಕ. ನಮ್ಮ ಬಿಸಿಲು, ಮುಳ್ಳುಕಂಟಿಗೆ ಅದರ ಅರ್ಧ ಸೇರಿಸಿ. 10 ಕಿ.ಮೀ. ನಡಿಗೆ, 300 ಮೀಟರ್ ಏರಿಕೆ ಅಂದರೆ ಎರಡೂವರೆಯಲ್ಲ, ಮೂರೂಮುಕ್ಕಾಲು ತಾಸು. ಬುತ್ತಿ ಬಿಚ್ಚುವ ಹೊತ್ತು ಬೇರೆ. 11:45ಕ್ಕೆ ಅಲಾರಾಂ ಇಡಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ತೋಳ, ಚಿರತೆ, ಕತ್ತೆಕಿರುಬ ಇರುವ ಜಾಗ. ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡು ಹೋಗಿ.

ಮೊಬೈಲೂ ಹೊತ್ತು ತೋರಿಸುತ್ತದೆ, ನಿಜ. ಆದರೆ ಗುಡ್ಡದ ಮರೆಯಲ್ಲಿ ಸಿಗ್ನಲ್ ಹುಡುಕುತ್ತಾ ಅದರ ಬ್ಯಾಟರಿ ಇಳಿಯುತ್ತದೆ. ಆ ಬ್ಯಾಟರಿ ಮ್ಯಾಪಿಗೆ, ತುರ್ತು ಕರೆಗೆ ಉಳಿಯಬೇಕು. ಏರೋಪ್ಲೇನ್ ಮೋಡಿನಲ್ಲಿಟ್ಟು ಚೀಲದೊಳಗೆ ಹಾಕಿ. ಚೀಲದೊಳಗಿನ ಗಡಿಯಾರವನ್ನು ಯಾರೂ ಹತ್ತು ನಿಮಿಷಕ್ಕೊಮ್ಮೆ ತೆಗೆದು ನೋಡುವುದಿಲ್ಲ, ಮಣಿಕಟ್ಟಿನದನ್ನು ನೋಡುತ್ತಾರೆ.

ಸೂರ್ಯನನ್ನು ನೋಡಿ ಹೊತ್ತು ಹೇಳಬಹುದಲ್ಲ ಅಂತ ಅನಿಸಬಹುದು. ಕೈ ಚಾಚಿ ಸೂರ್ಯನಿಗೂ ದಿಗಂತಕ್ಕೂ ನಡುವೆ ಬೆರಳು ಅಡ್ಡ ಹಿಡಿದು, ಒಂದು ಬೆರಳಿಗೆ ಕಾಲು ತಾಸು ಅಂತ ಎಣಿಸುವ ಪದ್ಧತಿ ಯೂರೋಪಿನ ಉತ್ತರದ ಕಡೆಗೆ ಹೊಂದುವಂಥದು. ಅಲ್ಲಿ ಸೂರ್ಯ ಓರೆಯಾಗಿ ನಿಧಾನಕ್ಕೆ ಇಳಿಯುತ್ತಾನೆ. 15 ಡಿಗ್ರಿ ಅಕ್ಷಾಂಶದ ಗದಗಿನಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ ನಾಲ್ಕು ಬೆರಳು ಅಂದರೆ ಅರ್ಧ ತಾಸು, ಬಹಳವಾದರೆ 35 ನಿಮಿಷ. ಒಂದು ತಾಸು ಇದೆ ಅಂದುಕೊಂಡವರಿಗೆ ಅರ್ಧವೇ ಸಿಗುತ್ತದೆ.

ಗಡಿಯಾರದ ಸಣ್ಣ ಮುಳ್ಳನ್ನು ಸೂರ್ಯನತ್ತ ಹಿಡಿದು, ಅದಕ್ಕೂ 12ಕ್ಕೂ ನಡುವಿನ ದಿಕ್ಕೇ ದಕ್ಷಿಣ ಅನ್ನುವ ಉಪಾಯವನ್ನೂ ನಂಬಬೇಡಿ. ಚಳಿಗಾಲದಲ್ಲಿ ಒಂದಿಷ್ಟು ಸರಿ ಬರುತ್ತದೆ, ಅದೂ 12ರ ಬದಲು ಹನ್ನೆರಡೂಕಾಲು ಅಂತ ಹಿಡಿದರೆ. ನವೆಂಬರ್ ಕೊನೆಗೆ ನಮ್ಮ ನಿಜವಾದ ನಡುಹಗಲು ಗಡಿಯಾರದ 12ಕ್ಕಿಂತ ಅಷ್ಟು ತಡ. ಮಾರ್ಚ್ 21ರ ಸುಮಾರಿಗೆ ಮುಂಜಾನೆ ಹತ್ತೂವರೆಗೆ ನೋಡಿದರೆ 30 ಡಿಗ್ರಿಗೂ ಹೆಚ್ಚು ತಪ್ಪುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ದಿಕ್ಸೂಚಿಯನ್ನೂ ಕಬ್ಬಿಣದ ಅದಿರಿನ ಬಂಡೆಯ ಮೇಲಿಟ್ಟು ನೋಡಬೇಡಿ. ಎದ್ದು ನಿಂತು, ಬೇರೆ ಬೇರೆ ಎರಡು ಜಾಗದಲ್ಲಿ ನೋಡಿ.

ಕೈಗೆ ಹಾವು ಕಚ್ಚಿದರೆ ಗಡಿಯಾರ, ಉಂಗುರಗಳನ್ನು ಕೂಡಲೇ ಬಿಚ್ಚಿ. ಬಾವು ಬಂದ ಮೇಲೆ ಪಟ್ಟಿಯೇ ರಕ್ತ ತಡೆಯುತ್ತದೆ. ಕಚ್ಚಿದ ಹೊತ್ತು ಬರೆದಿಡಿ, ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಕೈ ಅಲುಗಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಯಾವುದು ಕೊಳ್ಳುವುದು? ಸಾದಾ ಡಿಜಿಟಲ್. ಕ್ಯಾಸಿಯೋ ಎಫ್-91ಡಬ್ಲ್ಯೂ ಸೆಲ್ ಸುಮಾರು 7 ವರ್ಷ ಬರುತ್ತದೆ, ಆದರೆ ಅದರ ದೀಪ ಮಂಕು, ನೀರಿನ ತಡೆ ಹನಿ ಬಿದ್ದರೆ ತಾಳುವಷ್ಟೇ. ಎಇ-1200ಕ್ಕೆ 10 ವರ್ಷದ ಸೆಲ್, 100 ಮೀಟರ್ ತಡೆ. ನನ್ನ ಆಯ್ಕೆ ಇದು. ‘30 ಮೀಟರ್’ ಅಂತ ಬರೆದದ್ದನ್ನು ಕಟ್ಟಿಕೊಂಡು 30 ಮೀಟರ್ ಆಳಕ್ಕೆ ಇಳಿಯಬಹುದು ಅಂತಲ್ಲ. ಕೈ ತೊಳೆಯಲು ಅಡ್ಡಿಯಿಲ್ಲ, ಈಜಲು ಬೇಡ. ಚರ್ಮದ ಪಟ್ಟಿ ಬೆವರಿಗೆ ಕೊಳೆಯುತ್ತದೆ. ಎರಡೂ ಪಿನ್ನುಗಳ ಕೆಳಗೆ ಹಾಯುವ ಒಂದೇ ತುಂಡಿನ ನೈಲಾನ್ ಪಟ್ಟಿಯಾದರೆ ಒಂದು ಪಿನ್ ಮುರಿದರೂ ಗಡಿಯಾರ ಕೈಯಲ್ಲೇ ಉಳಿಯುತ್ತದೆ. ಮುಂದೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ಸ್ಟೇಷನ್ ರಸ್ತೆಯಲ್ಲೋ ಸೆಲ್ ಬದಲಿಸುವಾಗ ಹಿಂಬದಿಯ ರಬ್ಬರ್ ರಿಂಗನ್ನೂ ನೋಡಿಸಿ. ಅದು ಗಟ್ಟಿಯಾಗಿದ್ದರೆ ಅಥವಾ ತಾನು ಕೂರುವ ಸಣ್ಣ ತಗ್ಗಿನಿಂದ ಹೊರಗೆ ಕುಳಿತರೆ ಮೊದಲ ಮಳೆಗೇ ಗಾಜಿನೊಳಗೆ ಮಂಜು ಕಟ್ಟುತ್ತದೆ.